ಜಾಹೀರಾತಿನ ಮೇಲೇ ನಡೆಯಬಹುದಲ್ಲ, ಆಕಾಶವಾಣಿ–ಚಂದನಕ್ಕೆ ತೆರಿಗೆ ದುಡ್ಡು ಯಾಕೆ?

ಪ್ರಶ್ನೆ: ಚಾಮುಂಡಿಪುರಂ ಹುಡುಗ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಸಣ್ಣದೊಂದು ಜಾಹೀರಾತು ಏಜೆನ್ಸಿ ನಡೆಸ್ತೀನಿ. ಚಿನ್ನದಂಗಡಿ, ಸೀರೆಯಂಗಡಿ, ಪಿಯು ಕಾಲೇಜು, ಲೇಔಟ್ ಮಾಡುವವರು, ಇವರೇ ನನ್ನ ಗಿರಾಕಿಗಳು. ಹತ್ತು ಸೆಕೆಂಡಿನ ಸ್ಪಾಟ್, ಇಪ್ಪತ್ತು ಸೆಕೆಂಡಿನ ಸ್ಪಾಟ್ ಬರೆಸಿ, ರೆಕಾರ್ಡ್ ಮಾಡಿಸಿ, ರೇಡಿಯೋದಲ್ಲಿ ಬುಕ್ ಮಾಡಿಸೋದು ನನ್ನ ದಿನದ ಕೆಲಸ. ಆಷಾಢ ಸೇಲ್ ಬಂತು, ದಸರಾ ಬಂತು ಅಂದ್ರೆ ಗಿರಾಕಿಯ ದುಡ್ಡೆಲ್ಲ ಖಾಸಗಿ ಎಫ್‌ಎಂ ಕಡೆಗೇ ಹೋಗುತ್ತೆ. "ಆಕಾಶವಾಣಿಗೂ ಸ್ವಲ್ಪ ಹಾಕೋಣ, ಹಳ್ಳಿ ಕಡೆ ಕೇಳ್ತಾರೆ" ಅಂತ ನಾನೇ ಹೇಳಿದರೂ ಒಪ್ಪೋರು ಕಮ್ಮಿ. "ಹಳ್ಳಿಯವರು ಕೇಳಲಿ, ಆದರೆ ಇಲ್ಲಿಗೆ ಬಂದು ಖರೀದಿ ಮಾಡ್ತಾರಾ?" ಅಂತ ತಿರುಗಿ ಕೇಳ್ತಾರೆ.

ಈಗ ನನ್ನ ಪ್ರಶ್ನೆ. ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸೋ ಪ್ರಸಾರ ಭಾರತಿಗೆ 2023–24ರ ಕೇಂದ್ರ ಬಜೆಟ್‌ನಲ್ಲಿ ಸುಮಾರು 2,800 ಕೋಟಿ ರೂಪಾಯಿ ಅನುದಾನ ಇತ್ತು. ಅದಲ್ಲದೆ ಟ್ರಾನ್ಸ್‌ಮಿಟರ್, ಸ್ಟುಡಿಯೋ, ಉಪಕರಣ ಅಂತ ಬಿಂಡ್ ಯೋಜನೆಗೆ 2023ರ ಜನವರಿಯಲ್ಲಿ 2,539 ಕೋಟಿಗೆ ಒಪ್ಪಿಗೆ ಕೊಟ್ಟರು. ಇನ್ನೊಂದು ಕಡೆ ದೂರದರ್ಶನದ ಉಚಿತ ಡಿಟಿಎಚ್ ಸೇವೆಯಾದ ಡಿಡಿ ಫ್ರೀ ಡಿಶ್‌ನ ಸ್ಲಾಟ್‌ಗಳನ್ನು ಖಾಸಗಿ ಚಾನೆಲ್‌ಗಳಿಗೆ ಹರಾಜು ಹಾಕಿ ವರ್ಷಕ್ಕೆ ನೂರಾರು ಕೋಟಿ ಸಂಪಾದನೆಯೂ ಇದೆ. ದೇಶದ ಮೊದಲ ಖಾಸಗಿ ಎಫ್‌ಎಂ ನಮ್ಮ ಬೆಂಗಳೂರಿನಲ್ಲೇ 2001ರ ಜುಲೈಯಲ್ಲಿ ಶುರುವಾಗಿದ್ದು. 2024ರ ಆಗಸ್ಟ್‌ನಲ್ಲಿ ಇನ್ನೂ 234 ಊರುಗಳಲ್ಲಿ 730 ಚಾನೆಲ್ ಹರಾಜು ಹಾಕೋಕೆ ಸಂಪುಟ ಒಪ್ಪಿದೆ. ಶಿವಮೊಗ್ಗ, ಹಾಸನ, ದಾವಣಗೆರೆಯಂಥ ಊರುಗಳೂ ಪಟ್ಟಿಯಲ್ಲಿವೆ. ಅಂದ್ರೆ ಆಕಾಶವಾಣಿ ಒಂದೇ ಇರೋ ಊರುಗಳಿಗೂ ಪೈಪೋಟಿ ಬರ್ತಿದೆ.

ಹೀಗಿರುವಾಗ ಸರ್ಕಾರಿ ದುಡ್ಡು ಯಾಕೆ ಬೇಕು? ಮಾರುಕಟ್ಟೆಗೆ ಇಳಿದು ಗೆದ್ದರೆ ಉಳೀಲಿ, ಇಲ್ಲದಿದ್ರೆ ಮುಚ್ಚಲಿ ಅಂತ ನನ್ನ ಗೆಳೆಯರು ಹೇಳ್ತಾರೆ. ನನಗೆ ಅಷ್ಟು ಖಡಾಖಂಡಿತವಾಗಿ ಹೇಳೋಕೆ ಮನಸ್ಸು ಬರಲ್ಲ. ಆದರೆ ಮುಚ್ಚೋದು ಬೇಡ ಅನ್ನೋದಕ್ಕೆ ಸರಿಯಾದ ಕಾರಣವೂ ಸಿಗ್ತಿಲ್ಲ. ಒಳಗಿನಿಂದ ಬಲ್ಲವರು ಯಾರಾದ್ರೂ ಇದ್ರೆ ಹೇಳಿ.

ಉತ್ತರ: ನಿವೃತ್ತ ಕೃಷಿರಂಗ (ಸಾಗರ)

ಆಕಾಶವಾಣಿಯ ಕೃಷಿ ವಿಭಾಗದಲ್ಲಿ ಕಾರ್ಯಕ್ರಮ ನಿರ್ವಾಹಕಿಯಾಗಿದ್ದು ನಿವೃತ್ತಳಾದವಳು ನಾನು. ಒಂದಕ್ಕಿಂತ ಹೆಚ್ಚು ನಿಲಯಗಳಲ್ಲಿ ಕೆಲಸ ಮಾಡಿದ್ದೇನೆ, ಯಾವ ನಿಲಯದ ಹೆಸರನ್ನೂ ಇಲ್ಲಿ ಹೇಳುವುದಿಲ್ಲ.

ನೋಡಿ ತಮ್ಮ, ನಿಮ್ಮ ಗಿರಾಕಿ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಚಿನ್ನದಂಗಡಿಗೆ ಬೇಕಾಗಿರುವುದು ಚಿನ್ನ ಕೊಳ್ಳುವವರು. ಅವರ ಕಿವಿ ಎಲ್ಲಿದೆಯೋ ಅಲ್ಲಿಗೆ ಅವರ ದುಡ್ಡು ಹೋಗುತ್ತದೆ. ಆದರೆ ಅದೇ ಲೆಕ್ಕದ ಮೇಲೆ ಇಡೀ ರೇಡಿಯೋ ನಡೆಯಬೇಕು ಅಂದರೆ, ಏನನ್ನೂ ಕೊಳ್ಳದವರಿಗೆ ಯಾರು ಮಾತಾಡುತ್ತಾರೆ ಎನ್ನುವ ಪ್ರಶ್ನೆ ಹುಟ್ಟುತ್ತದೆ. ನಾನು ಕೆಲಸ ಮಾಡಿದ್ದೆಲ್ಲ ಆ ಜನರಿಗಾಗಿಯೇ. ಅದಕ್ಕೇ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮಲೆನಾಡಿನ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಬರುವ ದೊಡ್ಡ ಪೀಡೆ ಕೊಳೆರೋಗ. ಮುಂಗಾರು ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ನಲವತ್ತು–ನಲವತ್ತೈದು ದಿನಕ್ಕೆ ಮತ್ತೊಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೆಜಿ ಸುಣ್ಣ. ಮೈಲುತುತ್ತವನ್ನು ಬೇರೆ ಪಾತ್ರೆಯಲ್ಲಿ, ಸುಣ್ಣವನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಬಳಸಬಾರದು. ಹದ ಸರಿಯಾಯಿತೋ ಇಲ್ಲವೋ ನೋಡಲು ತೊಳೆದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ಹಿಡಿಯಬೇಕು. ಚಾಕುವಿನ ಮೇಲೆ ಕೆಂಪು ಪೊರೆ ಕೂತರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ತಿಳಿ ಹಾಕಬೇಕು ಎಂದರ್ಥ. ಹಾಗೇ ಹೊಡೆದರೆ ಎಳೆಗೊನೆ ಸುಟ್ಟುಹೋಗುತ್ತದೆ.

ಇದನ್ನು ವಿಜ್ಞಾನಿಯ ಬಾಯಲ್ಲಿ ಸ್ಟುಡಿಯೋದಲ್ಲಿ ಹೇಳಿಸಬಹುದು. ಆದರೆ ನಾವು ತೋಟಕ್ಕೇ ಹೋಗಿ, ಡ್ರಮ್ಮಿನ ಪಕ್ಕ ಮೈಕ್ ಹಿಡಿದು, ಮದ್ದು ಕಲಸುವವರ ಬಾಯಲ್ಲೇ ಹೇಳಿಸುತ್ತಿದ್ದೆವು. ಅಡಿಕೆ ಮರ ಹತ್ತುವ ಹಿರಿಯ ಕೊನೆಗೌಡರೊಬ್ಬರು ಚಾಕು ಅದ್ದಿ ತೆಗೆದು, "ಹ್ಞಾಂ, ಈಗ ನೋಡಿ, ಚಾಕು ಚಾಕಿನ ಬಣ್ಣದಲ್ಲೇ ಉಂಟು, ಇನ್ನು ಹೊಡೀಬಹುದು" ಅಂದದ್ದು ಪ್ರಸಾರವಾದ ಮೇಲೆ ನಿಲಯಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಚಾಕುವಿನ ಬಗ್ಗೆಯೇ. ಪಂಪು ಕಟ್ಟಿಕೊಂಡು ಮರ ಹತ್ತುವವರೇ ಬರೆದ ಪತ್ರಗಳೂ ಇದ್ದವು.

ಈಗ ನಿಮ್ಮ ವೃತ್ತಿಯ ಕಣ್ಣಿನಿಂದ ನೋಡಿ. ಇಂಥ ಇಪ್ಪತ್ತು ನಿಮಿಷದ ಕಾರ್ಯಕ್ರಮಕ್ಕೆ ಪ್ರಾಯೋಜಕರು ಯಾರು ಸಿಗುತ್ತಾರೆ? ಮನೆಯಂಗಳದಲ್ಲೇ ಕಲಸಿಕೊಳ್ಳುವ ಮದ್ದಿಗೆ ಜಾಹೀರಾತು ಕೊಡುವ ಕಂಪನಿ ಇಲ್ಲ. ಸಿದ್ಧ ಔಷಧಿ ಮಾರುವವರು ಬರಬಹುದು, ಆದರೆ ಅವರು ಬಂದರೆ ಚಾಕು, ಸುಣ್ಣ ಎಲ್ಲ ಹೊರಗೆ ಹೋಗಿ ಅವರ ಡಬ್ಬಿ ಒಳಗೆ ಬರುತ್ತದೆ. ಅದು ಅವರ ತಪ್ಪಲ್ಲ, ಅವರ ದುಡ್ಡು, ಅವರ ಹಕ್ಕು. ಆದರೆ ರೈತನಿಗೆ ಕಡಿಮೆ ಖರ್ಚಿನ ದಾರಿ ಹೇಳುವವರು ಒಬ್ಬರಾದರೂ ಇರಬೇಕಲ್ಲ? ಅದಕ್ಕೆ ದುಡ್ಡು ಸಾರ್ವಜನಿಕರದ್ದೇ ಆಗಬೇಕು.

1966ರಲ್ಲಿ ಆಕಾಶವಾಣಿ ಕೃಷಿ ಮತ್ತು ಗೃಹ ವಿಭಾಗಗಳನ್ನು ಶುರುಮಾಡಿದ್ದೇ ಈ ಕೆಲಸಕ್ಕೆ. ತಂಜಾವೂರಿನ ಕಡೆ ಎಡಿಟಿ–27 ಎನ್ನುವ ಭತ್ತವನ್ನು ರೈತರು ರೇಡಿಯೋ ಭತ್ತ ಎಂದೇ ಕರೆದದ್ದು ಆ ಕಾಲದಲ್ಲಿ.

ಈಗ ದುಡ್ಡಿನ ವಿಷಯ. ಜಾಹೀರಾತು ಆಕಾಶವಾಣಿಗೆ ಹೊಸದಲ್ಲ. ವಿವಿಧ ಭಾರತಿಯಲ್ಲಿ 1967ರಿಂದ, ದೂರದರ್ಶನದಲ್ಲಿ 1976ರಿಂದ ಬರುತ್ತಿದೆ. ಅದರ ಜೊತೆಗೆ ರೇಡಿಯೋ ಲೈಸೆನ್ಸ್ ಅಂತ ಒಂದಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಸ್ಟ್ಯಾಂಪ್ ಹಚ್ಚಿಸಿ, ಮೊಹರು ಒತ್ತಿಸಿಕೊಂಡು ಬರಬೇಕಿತ್ತು. ಹಳೇ ಮನೆಗಳ ಪೆಟ್ಟಿಗೆಯಲ್ಲಿ ಇನ್ನೂ ಆ ಪುಸ್ತಕ ಸಿಗುತ್ತದೆ. 1980ರ ದಶಕದ ಮಧ್ಯದಲ್ಲಿ ಅದನ್ನು ತೆಗೆದುಹಾಕಿದರು. ಜನರಿಗೆ ಹಗುರವಾಯಿತು, ಒಳ್ಳೆಯದೇ. ಆದರೆ ಕೇಳುಗರಿಂದ ನೇರವಾಗಿ ಬರುವ ದುಡ್ಡಿನ ದಾರಿ ಅಲ್ಲಿಗೆ ಮುಗಿಯಿತು. ಉಳಿದದ್ದು ಎರಡು: ಜಾಹೀರಾತುದಾರರು ಮತ್ತು ದೆಹಲಿಯ ಸಚಿವಾಲಯ.

1997ರಲ್ಲಿ ಪ್ರಸಾರ ಭಾರತಿ ಆಯಿತು, ಸ್ವಾಯತ್ತ ಸಂಸ್ಥೆ ಎಂದರು. ಅದಕ್ಕೂ ಎರಡು ವರ್ಷ ಮುಂಚೆ, 1995ರಲ್ಲಿ, ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸ್ಪಷ್ಟವಾಗಿ ಹೇಳಿತ್ತು. ನಾವು ನಿಲಯದಲ್ಲಿದ್ದವರು ಆ ದಿನಗಳಲ್ಲಿ ತುಂಬ ನಂಬಿಕೆ ಇಟ್ಟುಕೊಂಡಿದ್ದೆವು. ಆದರೆ ಸ್ವಾಯತ್ತತೆಯ ಕಾಗದ ಬಂತು, ಅದರ ಜೊತೆ ಸ್ವಂತ ಖಜಾನೆ ಬರಲಿಲ್ಲ. ಈಗಲೂ ವರ್ಷವರ್ಷವೂ ಅನುದಾನಕ್ಕೆ ಸಚಿವಾಲಯದ ಕಡೆ ನೋಡಬೇಕು. ಅದರಲ್ಲೂ ದೊಡ್ಡ ಪಾಲು ಸಂಬಳಕ್ಕೇ. 2007ರ ಅಕ್ಟೋಬರ್ 5ಕ್ಕಿಂತ ಮುಂಚೆ ಸೇರಿದವರನ್ನು ಸರ್ಕಾರಿ ನೌಕರರೆಂದೇ ಪರಿಗಣಿಸಿ, ನಿಯೋಜನೆ ಮೇಲೆ ಇದ್ದಾರೆ ಎಂದು ಲೆಕ್ಕ ಹಿಡಿದು, ಸಂಬಳವನ್ನು ಕೇಂದ್ರವೇ ಕೊಡುತ್ತದೆ. ಸರಿ. ಆದರೆ ಅವರೆಲ್ಲ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ಬರುವವರು ಕಡಿಮೆ. ನಿಮ್ಮ ಕಿವಿಗೆ ಬೀಳುವ ಎಷ್ಟೋ ದನಿಗಳು ಕ್ಯಾಶುವಲ್ ಉದ್ಘೋಷಕರದ್ದು. ತಿಂಗಳಿಗೆ ಆರು ಡ್ಯೂಟಿ, ಡ್ಯೂಟಿಗೆ ಇಷ್ಟು ಅಂತ ಸಂಭಾವನೆ. ನಾನಿದ್ದ ಒಂದು ನಿಲಯದಲ್ಲಿ ಆ ಸಂಭಾವನೆಯೂ ತಿಂಗಳುಗಟ್ಟಲೆ ತಡವಾಗುತ್ತಿತ್ತು. ಬೆಳಗಿನ ಆರಂಭಕ್ಕೆ ಕತ್ತಲಲ್ಲೇ ಬಸ್ಸು ಹಿಡಿದು ಬರುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ನಾವು ಡ್ಯೂಟಿ ರೂಮಿನಲ್ಲಿ ಚೀಟಿ ಎತ್ತಿ ಕೊಟ್ಟದ್ದಿದೆ. ಅಂಥವರ ಮೇಲೆ ನಡೆಯುತ್ತಿದೆ ಈ ಸಂಸ್ಥೆ, ಇದನ್ನು ಯಾರೂ ಮರೆಯಬಾರದು.

ಹಾಗಾಗಿ 2,800 ಕೋಟಿ ಎಂದು ನೀವು ಓದಿದ್ದರಲ್ಲಿ ತೋಟಕ್ಕೆ ಮೈಕ್ ತೆಗೆದುಕೊಂಡು ಹೋಗುವುದಕ್ಕೆ ಉಳಿಯುವುದು ಬಹಳ ಕಡಿಮೆ. 2014ರಲ್ಲಿ ಪ್ರಸಾರ ಭಾರತಿಯ ಬಗ್ಗೆ ವರದಿ ಕೊಟ್ಟ ಸ್ಯಾಮ್ ಪಿತ್ರೋಡಾ ಸಮಿತಿಯೂ ಇದನ್ನೇ ಹೇಳಿತು: ಕಟ್ಟಡ, ಯಂತ್ರ, ಸಿಬ್ಬಂದಿಗೆ ಹೋಗುವುದಕ್ಕೆ ಹೋಲಿಸಿದರೆ ಕಾರ್ಯಕ್ರಮಕ್ಕೆ ಹೋಗುವುದು ತೀರ ಕಮ್ಮಿ, ಅದನ್ನು ಹೆಚ್ಚಿಸಿ ಎಂದು. ಬಿಂಡ್ ಯೋಜನೆಯ ಹಣವೂ ಮುಖ್ಯವಾಗಿ ಯಂತ್ರಕ್ಕೆ, ಪ್ರಸಾರ ವ್ಯಾಪ್ತಿಗೆ. ಹೊಸ ಟ್ರಾನ್ಸ್‌ಮಿಟರ್ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಟ್ರಾನ್ಸ್‌ಮಿಟರ್ ತನ್ನಷ್ಟಕ್ಕೆ ಮಾತಾಡುವುದಿಲ್ಲವಲ್ಲ.

ಕೈ ಖಾಲಿ ಇದ್ದಾಗ ಮೂರನೆಯ ಒಂದು ದುಡ್ಡು ಬರುತ್ತದೆ, ಅದರ ಬಗ್ಗೆ ಹೊರಗಿನವರು ಮಾತಾಡುವುದು ಕಡಿಮೆ. ಸರ್ಕಾರದ ಇಲಾಖೆಗಳೇ ಪ್ರಾಯೋಜಕರಾಗುವುದು. 2004ರಲ್ಲಿ ಶುರುವಾದ ಕಿಸಾನ್ ವಾಣಿ ಕೇಂದ್ರ ಕೃಷಿ ಸಚಿವಾಲಯದ ದುಡ್ಡಿನಲ್ಲಿ ನಡೆದದ್ದು. ಅದರಿಂದ ಹಳ್ಳಿಗಳಿಗೆ ತುಂಬ ಉಪಯೋಗ ಆಗಿದೆ, ನಾನೇ ಸಾಕ್ಷಿ. ಆದರೆ ಇಲಾಖೆ ಗಿರಾಕಿಯಾದಾಗ ಒಂದು ಮುಜುಗರ ಇದ್ದೇ ಇರುತ್ತದೆ. ಬೇರೊಂದು ಸಂದರ್ಭದಲ್ಲಿ, ಬೇರೊಂದು ಇಲಾಖೆಯ ಪ್ರಾಯೋಜಿತ ಕಾರ್ಯಕ್ರಮಕ್ಕೆ ನಾನು ರೈತರೊಬ್ಬರನ್ನು ಮಾತಾಡಿಸಿದ್ದೆ. ಇಲಾಖೆ ಕೊಟ್ಟ ಬೀಜ ಮೊಳೆಯಲಿಲ್ಲ ಎಂದು ಅವರು ಶಾಂತವಾಗಿ, ಗದ್ದೆಯ ಹೆಸರು, ಬಿತ್ತಿದ ನಕ್ಷತ್ರ ಸಮೇತ ಹೇಳಿದರು. ಪ್ರಸಾರವಾಗುವ ಹೊತ್ತಿಗೆ ಆ ಎರಡು ನಿಮಿಷ ಕತ್ತರಿಸಿಹೋಗಿತ್ತು. ಯಾರೂ ಗದರಿಸಲಿಲ್ಲ, ಲಿಖಿತ ಆದೇಶವೂ ಬರಲಿಲ್ಲ. "ಅವರದೇ ದುಡ್ಡಲ್ವಾ ಮೇಡಂ" ಎನ್ನುವ ಒಂದು ಮಾತು ಸಾಕಾಯಿತು. ನಿಮ್ಮ ಚಿನ್ನದಂಗಡಿಯವರ ಬಗ್ಗೆ ಖಾಸಗಿ ಎಫ್‌ಎಂನಲ್ಲಿ ದೂರು ಹೇಳಲಾಗದ ಹಾಗೆಯೇ ಇದೂ.

ಅದಕ್ಕೇ ನನ್ನ ಅಭಿಪ್ರಾಯ ಇದು: ಎಷ್ಟು ದುಡ್ಡು ಎನ್ನುವುದು ಎರಡನೆಯ ಪ್ರಶ್ನೆ. ಆ ದುಡ್ಡು ಯಾರ ಕೈಯಿಂದ ಬರುತ್ತದೆ, ಮುಂದಿನ ವರ್ಷ ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎನ್ನುವುದು ಮೊದಲನೆಯದು. ದುಡ್ಡು ಸಾರ್ವಜನಿಕರದ್ದೇ ಆಗಿರಲಿ. ಆದರೆ ಐದು ವರ್ಷಕ್ಕೊಮ್ಮೆ ನಿಗದಿಯಾಗಲಿ, ನಿಗದಿ ಮಾಡುವವರು ಸಚಿವಾಲಯದವರೂ ಆಗಬಾರದು, ಜಾಹೀರಾತಿನವರೂ ಆಗಬಾರದು. ಅದರಲ್ಲಿ ಕಾರ್ಯಕ್ರಮಕ್ಕೆ ಇಂತಿಷ್ಟು ಎಂದು ಮೊದಲೇ ಎತ್ತಿಡಲಿ. ಜಾಹೀರಾತು ಬರಲಿ, ಬಂದಷ್ಟು ಬರಲಿ, ಆದರೆ ಅದನ್ನು ನೆಚ್ಚಿ ಕೂರುವ ಸ್ಥಿತಿ ಬರಬಾರದು.

ಇನ್ನೊಂದು ಮಾತು. ಖಾಸಗಿ ಎಫ್‌ಎಂನವರಿಗೆ ಸ್ವಂತ ಸುದ್ದಿ ಓದಲು ಬಿಡದೆ, ಬೇಕಾದರೆ ಆಕಾಶವಾಣಿಯ ಸುದ್ದಿಯನ್ನೇ ಹಾಗೇ ಪ್ರಸಾರ ಮಾಡಿ ಎನ್ನುವ ನಿಯಮ ನನಗೆ ಯಾವತ್ತೂ ಸರಿ ಕಂಡಿಲ್ಲ. ಪೈಪೋಟಿಯನ್ನು ತಡೆದು ಸಾರ್ವಜನಿಕ ಪ್ರಸಾರವನ್ನು ಕಾಪಾಡಲು ಆಗುವುದಿಲ್ಲ.

ಉತ್ತರ: ಕೊಲೋನ್‌ನಲ್ಲಿರುವ ಹಾಸನದವನು

ಮೇಡಂ ಹೇಳಿದ ಆ "ನಿಗದಿ ಮಾಡುವ ಬೇರೆ ಮಂಡಳಿ" ಇಲ್ಲಿ ಜರ್ಮನಿಯಲ್ಲಿ ನಿಜಕ್ಕೂ ಇದೆ. ಹೇಗೆ ನಡೆಯುತ್ತೆ ಅಂತ ಹೇಳ್ತೀನಿ.

ಇಲ್ಲಿಗೆ ಬಂದು ಮನೆ ವಿಳಾಸ ನೋಂದಣಿ ಮಾಡಿಸಿದ ಸ್ವಲ್ಪ ದಿನಕ್ಕೆ ಪ್ರಸಾರ ಶುಲ್ಕದ ಪತ್ರ ಮನೆಗೆ ಬರುತ್ತೆ. ತಿಂಗಳಿಗೆ 18.36 ಯೂರೋ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಒಂದು ಮನೆಗೆ ಒಂದು ಶುಲ್ಕ. 2013ಕ್ಕೆ ಮುಂಚೆ ಯಾರ ಮನೆಯಲ್ಲಿ ಟಿವಿ, ರೇಡಿಯೋ ಇದೆ ಅಂತ ನೋಡಿ ವಸೂಲಿ ಮಾಡ್ತಿದ್ದರು, ಅದು ದೊಡ್ಡ ರಗಳೆಯಾಗಿತ್ತಂತೆ. ನಾನು ಬಂದ ಹೊಸದರಲ್ಲಿ ನಾಲ್ಕು ಜನ ಒಂದೇ ಫ್ಲ್ಯಾಟಿನಲ್ಲಿದ್ವಿ, ಒಂದೇ ಶುಲ್ಕವನ್ನು ಹಂಚಿಕೊಂಡ್ವಿ. ಸರ್ಕಾರಿ ವಿದ್ಯಾರ್ಥಿ ನೆರವು ಪಡೆಯುವವರಿಗೆ, ಕೆಲವು ಬಗೆಯ ಭತ್ಯೆ ಮೇಲಿರುವವರಿಗೆ ವಿನಾಯಿತಿ ಇದೆ.

ಎಷ್ಟು ಶುಲ್ಕ ಬೇಕು ಅಂತ ಲೆಕ್ಕ ಹಾಕೋದು ಕೆಇಎಫ್ ಅನ್ನೋ ಸ್ವತಂತ್ರ ಆಯೋಗ. 16 ರಾಜ್ಯಗಳಿಂದ ಒಬ್ಬೊಬ್ಬರಂತೆ 16 ಸದಸ್ಯರು. ಪ್ರಸಾರ ಸಂಸ್ಥೆಗಳು ತಮ್ಮ ಬೇಡಿಕೆ ಕೊಡ್ತಾವೆ, ಇವರು ಒಂದೊಂದು ಸಾಲೂ ನೋಡಿ ಕತ್ತರಿ ಹಾಕಿ ಶಿಫಾರಸು ಮಾಡ್ತಾರೆ. ಆಮೇಲೆ ಎಲ್ಲ ರಾಜ್ಯಗಳೂ ಒಪ್ಪಬೇಕು. 2020ರ ಕೊನೆಗೆ ಒಂದು ತಮಾಷೆಯಲ್ಲದ ಪ್ರಸಂಗ ಆಯಿತು. 17.50ರಿಂದ 18.36ಕ್ಕೆ ಏರಿಸಬೇಕಿತ್ತು, ಬರೀ 86 ಸೆಂಟ್. ಸ್ಯಾಕ್ಸನಿ–ಅನ್ಹಾಲ್ಟ್ ಅನ್ನೋ ಒಂದೇ ರಾಜ್ಯ ಅಡ್ಡ ನಿಂತು ಎಲ್ಲಾ ನಿಂತುಹೋಯ್ತು. ಸಂಸ್ಥೆಗಳು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದವು. ಪ್ರಸಾರದ ಸ್ವಾತಂತ್ರ್ಯಕ್ಕೆ ಸಾಕಷ್ಟು ಹಣ ಕೊಡೋದು ರಾಜ್ಯಗಳ ಸಾಂವಿಧಾನಿಕ ಹೊಣೆ, ಒಂದು ರಾಜ್ಯ ಹಾಗೆ ತಡೆಯುವಂತಿಲ್ಲ ಅಂತ ಕೋರ್ಟ್ 2021ರಲ್ಲಿ ತೀರ್ಪು ಕೊಟ್ಟು ಶುಲ್ಕ ಏರಿಸಿತು.

ಆದರೂ ಇಲ್ಲಿ ಎಲ್ಲ ಸುಖ ಅಂತಲ್ಲ. 2025ರಿಂದ 18.94 ಆಗಬೇಕು ಅಂತ ಆಯೋಗ ಹೇಳಿತು, ರಾಜ್ಯಗಳು ಮಾಡಲಿಲ್ಲ, ಸಂಸ್ಥೆಗಳು ಮತ್ತೆ ಕೋರ್ಟಿಗೆ ಹೋದವು. ಇಷ್ಟೊಂದು ಚಾನೆಲ್ ಯಾಕೆ, ಮೇಲಿನ ಅಧಿಕಾರಿಗಳಿಗೆ ಇಷ್ಟೊಂದು ಸಂಬಳ ಯಾಕೆ ಅಂತ ಜನ ಕೇಳ್ತಾರೆ, ಕೇಳಲೇಬೇಕು. ನನ್ನ ಸಹೋದ್ಯೋಗಿಗಳಲ್ಲೇ ಅರ್ಧ ಜನ ಆ ಪತ್ರ ಬಂದಾಗ ಬೈತಾರೆ. ಆದರೆ ಸಂಜೆ ಎಂಟರ ನಂತರ, ಭಾನುವಾರ, ಇಲ್ಲಿನ ಸಾರ್ವಜನಿಕ ಟಿವಿಯಲ್ಲಿ ಸ್ಪಾಟ್ ಜಾಹೀರಾತು ಇರಲ್ಲ. ಎಂಟಕ್ಕೆ ಸುದ್ದಿ ಹದಿನೈದು ನಿಮಿಷ, ಕೂಗಾಟ ಇಲ್ಲ, ಮುಗೀತು. ನಾನಂತೂ ಆ ಶುಲ್ಕವನ್ನು ಸಂತೋಷದಿಂದ ಕಟ್ತೀನಿ.

ಭಾರತದ ಲೆಕ್ಕ ಹಾಕಿ ನೋಡಿದೆ. 2,800 ಕೋಟಿಯನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 20 ರೂಪಾಯಿ.

ಉತ್ತರ: ಬೆಂಗಳೂರು ಎಡಿಟರ್

ನಾನು ವಿಡಿಯೋ ಎಡಿಟರ್. ದುಡ್ಡು ಕೊಡಬೇಕು ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಸಂಸ್ಥೆಗೆ ಯಾಕೆ ಕೊಡಬೇಕು? ಕಾರ್ಯಕ್ರಮಕ್ಕೆ ಕೊಡಿ. ನ್ಯೂಜಿಲೆಂಡ್ ಹಾಗೇ ಮಾಡಿದೆ. 1989ರಲ್ಲಿ ಎನ್‌ಜೆಡ್ ಆನ್ ಏರ್ ಅಂತ ನಿಧಿ ಮಾಡಿದರು. ಆಮೇಲೆ ಲೈಸೆನ್ಸ್ ಶುಲ್ಕ ರದ್ದಾದ ಮೇಲೂ ಬಜೆಟ್ ದುಡ್ಡು ಆ ನಿಧಿಗೆ ಹೋಗುತ್ತೆ. ಸಾಕ್ಷ್ಯಚಿತ್ರವೋ ಮಕ್ಕಳ ಕಾರ್ಯಕ್ರಮವೋ, ಯಾವ ನಿರ್ಮಾಪಕರಾದರೂ ಅರ್ಜಿ ಹಾಕಬಹುದು. ಅಲ್ಲಿನ ಸರ್ಕಾರಿ ಟಿವಿ ಬಹುಪಾಲು ಜಾಹೀರಾತಿನ ಮೇಲೇ ನಡೆಯುತ್ತೆ. ಕನ್ನಡದಲ್ಲಿ ಒಳ್ಳೆ ಕೆಲಸ ಮಾಡೋ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಅವರ ಕೈಗೆ ದುಡ್ಡು ಸೇರಲ್ಲ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ವೇವ್ಸ್ ಅಂತ ಓಟಿಟಿ ಶುರು ಮಾಡಿದೆ. ವೇದಿಕೆ ಇದೆ, ಅದರ ಮೇಲೆ ಹಾಕೋಕೆ ಹೊಸ ಕನ್ನಡ ಕಾರ್ಯಕ್ರಮ ಎಲ್ಲಿ?

ಉತ್ತರ: ಮಡಿಕೇರಿ ಪಕ್ಕದವಳು

ಉದ್ದ ಬರೆಯಲ್ಲ. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ಕಾರ್ಯಕ್ರಮ ಬರುತ್ತೆ. ಮಂಗಳೂರಿನಲ್ಲಿ ತುಳು, ಕೊಂಕಣಿ. ನಮ್ಮ ಅಜ್ಜಿ ಬೇರೆ ಯಾವ ಚಾನೆಲ್‌ನಲ್ಲೂ ತಮ್ಮ ಭಾಷೆ ಕೇಳಿದವರಲ್ಲ. ಅರೆಭಾಷೆ ಮಾತಾಡೋ ಜನ ಎಷ್ಟಿದ್ದಾರೆ ಅಂತ ಎಣಿಸಿ ಜಾಹೀರಾತು ಕೊಡುವವರು ಯಾರೂ ಇಲ್ಲ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮಲ್ಲಿ ಕರೆಂಟು ಹೋಗಿ, ಮೊಬೈಲ್ ಸಿಗ್ನಲ್ಲೂ ಹೋಗಿತ್ತು. ಅಪ್ಪ ಹಳೇ ಬ್ಯಾಟರಿ ರೇಡಿಯೋ ತೆಗೆದು ಕಿಟಕಿಯ ಹತ್ತಿರ ಇಟ್ಟರು. ಆ ಊರುಗಳ ಹೆಸರು, ಆ ರಸ್ತೆಗಳ ಹೆಸರು ಸರಿಯಾಗಿ ಹೇಳಬಲ್ಲವರು ಹತ್ತಿರದಲ್ಲೇ ಇರಬೇಕು. ಬೆಂಗಳೂರಿನ ಸ್ಟುಡಿಯೋದಿಂದ ಒಂದೇ ಕಾರ್ಯಕ್ರಮವನ್ನು ಎಲ್ಲ ಕಡೆ ಹರಿಸಿದರೆ ದುಡ್ಡು ಉಳಿಯುತ್ತೆ ಅಂತ ಮೇಲಿನವರು ಲೆಕ್ಕ ಹಾಕುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಪ್ರತಿಕ್ರಿಯೆ: ಚಾಮುಂಡಿಪುರಂ ಹುಡುಗ

ಅಮ್ಮ, ನಿಮ್ಮ ಚಾಕುವಿನ ಮಾತು ಗಿರಾಕಿಯೊಬ್ಬರಿಗೆ ಓದಿ ಹೇಳಿದೆ, ತೀರ್ಥಹಳ್ಳಿ ಕಡೆಯವರು, "ಹೌದು, ನಮ್ಮ ಮನೇಲೂ ಹಾಗೇ ನೋಡೋದು" ಅಂದರು. ಆದರೆ ಎರಡು ಅನುಮಾನ ಉಳಿದಿದೆ. ಒಂದು, ಎಡಿಟರ್ ಅವರು ಹೇಳಿದ ನಿಧಿಯ ದಾರಿ ನನಗೂ ಸರಿ ಅನ್ಸುತ್ತೆ, ಹಾಗಿದ್ರೆ ಸಂಸ್ಥೆಗೇ ಯಾಕೆ ಕೊಡಬೇಕು? ಎರಡು, ಐದು ವರ್ಷಕ್ಕೆ ನಿಗದಿ ಮಾಡಿದ್ರೂ ಸರ್ಕಾರ ಮನಸ್ಸು ಮಾಡಿದ್ರೆ ಮಧ್ಯದಲ್ಲೇ ನಿಲ್ಲಿಸಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ? ಮತ್ತೆ, ಕ್ರಿಕೆಟ್ ಇದೆಯಲ್ಲ? 2007ರ ಕಾನೂನಿನ ಪ್ರಕಾರ ಮುಖ್ಯ ಪಂದ್ಯಗಳ ಸಿಗ್ನಲ್ ದೂರದರ್ಶನಕ್ಕೂ ಕೊಡಲೇಬೇಕು, ಜಾಹೀರಾತಿನ ದುಡ್ಡಲ್ಲಿ ಟಿವಿಗಾದರೆ ನಾಲ್ಕರಲ್ಲಿ ಒಂದು ಪಾಲು, ರೇಡಿಯೋಗಾದರೆ ಅರ್ಧ ಪ್ರಸಾರ ಭಾರತಿಗೆ. ಇಂಥ ಆದಾಯ ಹೆಚ್ಚಿಸಿಕೊಂಡ್ರೆ ಸಾಲದೇ?

ಉತ್ತರ: ನಿವೃತ್ತ ಕೃಷಿರಂಗ (ಸಾಗರ)

ಒಂದೊಂದಾಗಿ ಹೇಳುತ್ತೇನೆ ತಮ್ಮ.

ಕ್ರಿಕೆಟ್ಟಿನ ಪಾಲು, ಫ್ರೀ ಡಿಶ್ ಹರಾಜು, ಎರಡೂ ಬರಲಿ. ಆದರೆ ಫ್ರೀ ಡಿಶ್ ಹರಾಜಿನಲ್ಲಿ ಸ್ಲಾಟ್ ಹಿಡಿಯುವವು ಬಹುತೇಕ ಹಿಂದಿ ವಾಹಿನಿಗಳು. ಆ ಆದಾಯ ಹೆಚ್ಚಬೇಕಾದರೆ ಸಂಸ್ಥೆ ತನ್ನ ಗಮನವನ್ನು ಆ ಕಡೆಗೇ ಕೊಡಬೇಕಾಗುತ್ತದೆ. 2019ರಲ್ಲಿ ದೊಡ್ಡ ವಾಹಿನಿಗಳು ಅಲ್ಲಿಂದ ಎದ್ದು ಹೋಗಿ, 2020ರಲ್ಲಿ ಮತ್ತೆ ಬಂದವು. ಹೋಗುವುದೂ ಬರುವುದೂ ಅವರ ವ್ಯಾಪಾರದ ಲೆಕ್ಕ. ಅದನ್ನು ನಂಬಿ ಅರೆಭಾಷೆಯ ಕಾರ್ಯಕ್ರಮ ಇಡಲಾಗುತ್ತದೆಯೇ?

ನಿಧಿಯ ವಿಷಯ. ಎಡಿಟರ್ ಅವರೇ, ಕನ್ನಡದ ಹುಡುಗರಿಗೆ ದುಡ್ಡು ಸೇರಬೇಕು ಎನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಚಂದನಕ್ಕೆ ಹಾಗೊಂದು ನಿಧಿ ಬಂದರೆ ತುಂಬ ಒಳ್ಳೆಯದಾಗುತ್ತದೆ. ಆದರೆ ನಿಧಿಯಿಂದ ಆಗುವುದು ಕಾರ್ಯಕ್ರಮ, ನಿಲಯ ಅಲ್ಲ. ಸರಿದ ಗುಡ್ಡದ ರಸ್ತೆಯ ಹೆಸರನ್ನು ಅದೇ ಬೆಳಿಗ್ಗೆ ಹೇಳುವವರು ಅರ್ಜಿ ಹಾಕಿ ಆರು ತಿಂಗಳು ಕಾಯುವವರಲ್ಲ, ಅಲ್ಲೇ ಕೂತಿರುವವರು. 2020ರಲ್ಲಿ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ ಹೈಸ್ಕೂಲು ಮಕ್ಕಳ ಪಾಠವನ್ನು ಚಂದನದಲ್ಲಿ ಪ್ರಸಾರ ಮಾಡಿತು. ವಾಹಿನಿ ಮೊದಲೇ ಇದ್ದುದರಿಂದ ತಾನೇ ಅದಾಯಿತು. ಉತ್ತರ ಹೇಳಿದವರಿಗೆ ಕನ್ನಡ ಪುಸ್ತಕ ಕೊಡುವ ರಸಪ್ರಶ್ನೆ ಕಾರ್ಯಕ್ರಮ ಅಲ್ಲಿ ಇಷ್ಟು ವರ್ಷದಿಂದ ನಡೆದುಕೊಂಡು ಬಂದಿದೆ. ಟಿಆರ್‌ಪಿ ನೋಡುವ ಯಾವ ವಾಹಿನಿಯೂ ಅದನ್ನು ಅಷ್ಟು ಕಾಲ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಎರಡೂ ಬೇಕು: ಹೊರಗಿನವರಿಗೆ ನಿಧಿ, ನಿಲಯಕ್ಕೆ ಖಾಯಂ ದುಡ್ಡು.

ಗ್ಯಾರಂಟಿ ಕೇಳಿದಿರಿ. ಪೂರ್ತಿ ಗ್ಯಾರಂಟಿ ಎಲ್ಲೂ ಇಲ್ಲ. ಅಮೆರಿಕದಲ್ಲಿ 1967ರಿಂದ ಇದ್ದ ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷ ಮುಂಚಿತವಾಗಿ ಹಣ ಮಂಜೂರು ಮಾಡುವ ಪದ್ಧತಿ ಇತ್ತು, ಸರ್ಕಾರಗಳು ಬದಲಾದರೂ ಧಕ್ಕೆ ಆಗಬಾರದೆಂದು. 2025ರ ಜುಲೈಯಲ್ಲಿ ಕಾಂಗ್ರೆಸ್ಸು, ಅಲ್ಲಿನ ಸಂಸತ್ತು, ಹಾಗೆ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು ವಾಪಸ್ ಪಡೆಯಿತು, ಮರುತಿಂಗಳೇ ನಿಗಮ ಬಾಗಿಲು ಹಾಕುವುದಾಗಿ ಹೇಳಿತು. ಹೆಚ್ಚು ಪೆಟ್ಟು ಬೀಳುವುದು ಹಳ್ಳಿಗಾಡಿನ ಸಣ್ಣ ನಿಲಯಗಳಿಗೆ, ಅವಕ್ಕೆ ದೇಣಿಗೆ ಕೊಡುವ ದೊಡ್ಡ ಊರು ಸುತ್ತಮುತ್ತ ಇಲ್ಲ. ಬ್ರಿಟನ್ನಿನಲ್ಲಿ ಬಿಬಿಸಿಯ ಲೈಸೆನ್ಸ್ ಶುಲ್ಕವನ್ನು 2010ರಲ್ಲಿ ಆರು ವರ್ಷಕ್ಕೆ ಏರಿಸದೆ ನಿಲ್ಲಿಸಿ, ವರ್ಲ್ಡ್ ಸರ್ವೀಸಿನ ಖರ್ಚನ್ನೂ ಅದರ ತಲೆಗೇ ಹಾಕಿದರು. ಅಂದಮೇಲೆ ಶುಲ್ಕವಾದರೂ ಬಜೆಟ್ಟಾದರೂ ಹಿಸುಕಲು ಮನಸ್ಸಿದ್ದವರಿಗೆ ದಾರಿ ಇದ್ದೇ ಇದೆ. ಜರ್ಮನಿಯಲ್ಲಿ ಕೊಂಚ ಬಲ ಇರುವುದು ಕೋರ್ಟಿನ ಬೆನ್ನು ಇರುವುದರಿಂದ. ನಮ್ಮಲ್ಲೂ 1995ರ ತೀರ್ಪು ಇದೆ. ಅದನ್ನು ಹಿಡಿದು, ಪ್ರಸಾರಕ್ಕೆ ಸಾಕಷ್ಟು ಹಣ ಒದಗಿಸುವುದೂ ಸರ್ಕಾರದ ಹೊಣೆಯಲ್ಲವೇ ಎಂದು ಕೇಳುವ ವಕೀಲರು ಬೇಕು.

ಇಲ್ಲಿ ಮೈಸೂರಿನವರಾದ ನಿಮಗೆ ಒಂದು ನೆನಪು ಮಾಡುತ್ತೇನೆ. ನಿಮ್ಮ ಊರಿನಲ್ಲೇ 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರುಮಾಡಿದರು. ಆಕಾಶವಾಣಿ ಎನ್ನುವ ಹೆಸರನ್ನು ದೇಶ ತೆಗೆದುಕೊಂಡಿದ್ದು ಅಲ್ಲಿಂದ. ಅಷ್ಟು ಪ್ರೀತಿಯಿಂದ ಮಾಡಿದರೂ ಅದು ಒಬ್ಬರ ಜೇಬಿನಿಂದ ನಡೆಯುವ ಕೆಲಸವಾಗಿರಲಿಲ್ಲ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವೇ ಅದನ್ನು ವಹಿಸಿಕೊಂಡಿತು.

ನಿಮ್ಮ ಗೆಳೆಯರಿಗೆ ಕೆಲಸ ಕೊಡಿ. ಪ್ರಸಾರ ಭಾರತಿ ಕಾಯ್ದೆಯ 13ನೇ ಸೆಕ್ಷನ್ ತೆಗೆದು ಓದಿ. ಲೋಕಸಭೆಯಿಂದ 15, ರಾಜ್ಯಸಭೆಯಿಂದ 7, ಒಟ್ಟು 22 ಸಂಸದರ ಸಮಿತಿಯೊಂದು ಈ ಸಂಸ್ಥೆಯನ್ನು ನೋಡಿಕೊಳ್ಳಬೇಕು ಎಂದು ಅಲ್ಲೇ ಬರೆದಿದೆ. ಅದು ಕಾಗದದ ಮೇಲೇ ಉಳಿದಿದೆ. ಅದು ಇದ್ದಿದ್ದರೆ ದುಡ್ಡಿನ ಮಾತು ಸಚಿವಾಲಯದ ಫೈಲಿನಿಂದ ಆಚೆ ಬಂದು ಎಲ್ಲ ಪಕ್ಷದವರ ಎದುರು ನಡೆಯುತ್ತಿತ್ತು. ನಿಮ್ಮ ಸಂಸದರಿಗೆ ಆ ಸೆಕ್ಷನ್ ನಮೂದಿಸಿ ಪತ್ರ ಬರೆಯಿರಿ.

ಅದರ ಜೊತೆ ನಿಮ್ಮ ಹತ್ತಿರದ ನಿಲಯಕ್ಕೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಸಂಬಳಕ್ಕೆ ಎಷ್ಟು, ವಿದ್ಯುತ್ತಿಗೆ ಎಷ್ಟು, ಕಲಾವಿದರ ಮತ್ತು ಕ್ಯಾಶುವಲ್‌ಗಳ ಸಂಭಾವನೆಗೆ ಎಷ್ಟು, ಹೊರಾಂಗಣ ಧ್ವನಿಮುದ್ರಣಕ್ಕೆ ಎಷ್ಟು ಎಂದು ಬೇರೆಬೇರೆಯಾಗಿ ಕೇಳಿ. ಒಟ್ಟಿಗೆ ಕೇಳಿದರೆ ಒಟ್ಟು ಮೊತ್ತ ಕೊಟ್ಟು ಮುಗಿಸುತ್ತಾರೆ. ಹತ್ತು ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಲಗತ್ತಿಸಿ. ಉತ್ತರ ಬಂದ ಮೇಲೆ ಇಲ್ಲೇ ಹಾಕಿ, ಯಾವ ಬಾಬತ್ತು ಏನು ಎಂದು ನಾನು ಬಿಡಿಸಿ ಹೇಳುತ್ತೇನೆ.